ಚಮಚ ದ್ರೋಹಿಗಳು: ಹೈಸ್ಕೂಲ್ ಮಕ್ಕಳಿಗೆ ಒಂದು ಗೇಮ್ ಮಾಡಿದ ಅನುಭವ

ದಾವಣಗೆರೆಲಿ ಹೈಸ್ಕೂಲ್ ಮಕ್ಕಳಿಗೆ ಕಂಪ್ಯೂಟರ್ ಹೇಳ್ಕೊಡ್ತೀನಿ. ಹೊಡಿ ಬಡಿ ಅನ್ನೋ ಗುಂಪುಗಳು ಹುಡುಗರನ್ನ ಹೆಂಗೆ ಬಲೆಗೆ ಹಾಕ್ಕೊತವೆ ಅಂತ ಭಾಷಣ ಮಾಡಿದ್ರೆ ಹಿಂದಿನ ಬೆಂಚು ನಿದ್ದೆ ಹೊಡಿಯುತ್ತೆ, ಅದಕ್ಕೇ ಗೇಮ್ ಮಾಡೋಣ ಅಂತ ಕೂತೆ. ಕೇಂಬ್ರಿಡ್ಜ್ ಯೂನಿವರ್ಸಿಟಿ ಸಂಶೋಧಕರದ್ದು ರ‍್ಯಾಡಿಕಲೈಸ್ ಅಂತ ಒಂದು ಗೇಮ್ ಇದೆ, ಅದರಲ್ಲಿ ಆಡೋರೇ ಆಳು ಸೇರಿಸೋ ಏಜೆಂಟು. ಸುಲಭಕ್ಕೆ ಸಿಗೋನನ್ನ ಹುಡುಕೋದು, ನಂಬಿಕೆ ಗಳಿಸೋದು, ಅವನ ಜನರಿಂದ ದೂರ ಮಾಡೋದು, ಆಮೇಲೆ ಕೃತ್ಯಕ್ಕೆ ಇಳಿಸೋದು, ಹಿಂಗೆ ನಾಕು ಹಂತ. 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಮ್ಯಾಕ್‌ಗೈರ್ ಹೇಳಿದ್ದ ಲಸಿಕೆ ಲೆಕ್ಕಾಚಾರನೇ ಇದು, ಮರುಳು ಮಾತಿನ ಸಣ್ಣ ಡೋಸ್ ಮೊದ್ಲೇ ಕೊಟ್ಟಿದ್ರೆ ದೊಡ್ಡದು ಬಂದಾಗ ತಡ್ಕೊತಾರೆ ಅಂತ. ನಾಕು ಹಂತನೂ ಹಂಗೇ ಇಟ್ಕೊಂಡೆ.

ತಲೆ ತಿಂದಿದ್ದು ಗುಂಪು ಯಾವುದಿರಬೇಕು ಅನ್ನೋದು. ನಿಜವಾದ ಧರ್ಮ, ಪಕ್ಷ ತಂದ್ರೆ ಅರ್ಧ ಕ್ಲಾಸು ಸಿಟ್ಟಾಗುತ್ತೆ, ಇನ್ನರ್ಧ ನೋಡ್ರಿ ನಾವು ಹೇಳಿರ್ಲಿಲ್ವಾ ಅನ್ನುತ್ತೆ, ಅಲ್ಲಿಗೆ ಪಾಠ ಕೆಟ್ಟೋಯ್ತು. ಕೇಂಬ್ರಿಡ್ಜಿನೋರು ಧ್ರುವದ ಮಂಜುಗಡ್ಡೆ ಉಡಾಯಿಸೋ ಗುಂಪು ಇಟ್ಟಿದಾರೆ, ನಮ್ಮ ಹುಡುಗ್ರಿಗೆ ಅದು ತೀರಾ ದೂರದ ಮಾತು. ಮಂಡಕ್ಕಿ ಇಟ್ಕೊಳ್ಳೋಣ ಅನ್ನಿಸ್ತು. ಈರುಳ್ಳಿ ಹಾಕೋರು ಹಾಕದೇ ಇರೋರು ಅಂದ್ರೆ ಜಾತಿಗೆ ಹೋಗುತ್ತೆ (ನಮ್ಮಲ್ಲಿ ಯಾವುದು ಹೋಗಲ್ಲ ಹೇಳಿ), ಕೊನೆಗೆ ಮಂಡಕ್ಕಿನ ಚಮಚದಲ್ಲಿ ತಿನ್ನೋರೆಲ್ಲ ಊರಿಗೆ ದ್ರೋಹಿಗಳು, ಚಮಚ ಕೊಡೋ ಅಂಗಡಿ ಸುಡಬೇಕು ಅನ್ನೋ ಗುಂಪು ಮಾಡಿದೆ. ಮಕ್ಕಳು ಬಿದ್ದು ಬಿದ್ದು ನಕ್ರು.

ಮಾಡಿದ್ದು ಟ್ವೈನ್‌ನಲ್ಲಿ. ಕ್ಲಿಕ್ ಮಾಡ್ತಾ ಮುಂದೆ ಹೋಗೋ ಕಥೆ ಗೇಮ್ ಮಾಡೋ ಸಾಫ್ಟ್‌ವೇರ್ ಅದು. ಫ್ರೀ, ಒಂದೇ ಎಚ್‌ಟಿಎಂಎಲ್ ಫೈಲ್ ಬರುತ್ತೆ, ನೆಟ್ ಇಲ್ದಿರೋ ಲ್ಯಾಬಲ್ಲೂ ಓಡುತ್ತೆ.

ಏಜೆಂಟ್ ಕಳಿಸೋ ಮೊದಲ ಮೆಸೇಜು 'ಊಟ ಆಯ್ತೇನೋ ತಮ್ಮಾ' ಅಷ್ಟೇ, ಚಮಚದ ಸುದ್ದಿನೇ ಇಲ್ಲ. ಆಮೇಲೆ ಕ್ರಿಕೆಟ್ಟು, ಆಮೇಲೆ ರೀಚಾರ್ಜ್ ಮಾಡಿಸ್ಕೊಡೋದು, ಆಮೇಲೆ 'ಮನೇಲಿ ಹೇಳ್ಬೇಡ, ಅವ್ರಿಗೆ ಅರ್ಥ ಆಗಲ್ಲ'. ಇಲ್ಲಿ ಆ ಹುಡುಗನ ಫೋನಿಗೆ ಅಮ್ಮನ ಕಾಲ್ ಬರುತ್ತೆ, ಪಾಯಿಂಟ್ ಬೇಕಂದ್ರೆ ಅವನ ಕೈಲಿ ಅದನ್ನ ಕಟ್ ಮಾಡಿಸ್ಬೇಕು. ನಗು ಅಲ್ಲಿ ನಿಂತೋಯ್ತು. ಒಬ್ಬ, 'ಸಾರ್, ಪಾಯಿಂಟ್ ಹೋದ್ರೆ ಹೋಗ್ಲಿ, ಎತ್ತು ಅಂತ ಹೇಳಬೋದಾ?' ಅಂದ. ಆ ಬಟನ್ನೂ ಸೇರಿಸಿದೆ.

ಯಾರಾದ್ರೂ ಮಾಡೋದಾದ್ರೆ, ಆಟ ಆದ್ಮೇಲೆ ಒಂದು ಪೀರಿಯಡ್ ಮಾತಿಗೇ ಬಿಡಿ, ಇಲ್ಲಾಂದ್ರೆ ಸ್ಕೋರ್ ಅಷ್ಟೇ ನೆನಪಿರುತ್ತೆ. ನಿಂಗೆ ಇಂಥ ಮೆಸೇಜ್ ಬಂದಿತ್ತಾ ಅಂತ ಎಲ್ಲರೆದುರು ಕೇಳ್ಬೇಡಿ, ಯಾರೂ ಬಾಯಿ ಬಿಡಲ್ಲ. ಹೆಸರಿಲ್ಲದ ಚೀಟಿಲಿ ಬರೆಸಿ.