ಮೈಸೂರಿನಿಂದ ರಜೆಯ ಪ್ರವಾಸಕ್ಕೆ ಎಲೆಕ್ಟ್ರಿಕ್ ಕಾರನ್ನು ಬಾಡಿಗೆಗೆ ಪಡೆಯುವ ಬಗೆ

ದಸರಾ ರಜೆ ಅಥವಾ ಬೇಸಿಗೆ ರಜೆ ಬಂತೆಂದರೆ ಮೈಸೂರಿನ ಕುಟುಂಬಗಳು ಮಡಿಕೇರಿ, ಊಟಿ, ಬಿಳಿಗಿರಿರಂಗನ ಬೆಟ್ಟ, ಚಿಕ್ಕಮಗಳೂರುಗಳ ಕಡೆ ಹೊರಡುವುದು ವಾಡಿಕೆ. ಈಗ ಬಾಡಿಗೆ ಕಾರುಗಳ ಪಟ್ಟಿಯಲ್ಲಿ ಎಲೆಕ್ಟ್ರಿಕ್ ಕಾರುಗಳೂ ಕಾಣಿಸುತ್ತಿವೆ. ಸದ್ದಿಲ್ಲದೆ ಘಟ್ಟ ಹತ್ತುವ, ಗೇರ್ ಬದಲಿಸುವ ಗೋಜಿಲ್ಲದ ಈ ಕಾರು ಬೆಟ್ಟದ ರಸ್ತೆಗೆ ನಿಜಕ್ಕೂ ಒಪ್ಪುವಂಥದ್ದು. ಆದರೆ ಅದನ್ನು ಗೊತ್ತುಮಾಡುವ ಕ್ರಮ ಪೆಟ್ರೋಲ್ ಕಾರಿನ ಕ್ರಮಕ್ಕೆ ತಿರುಗುಮುರುಗಾಗಿರಬೇಕು. ಮೊದಲು ರಾತ್ರಿ ತಂಗುವ ಜಾಗದ ಪ್ಲಗ್ ಖಚಿತವಾಗಬೇಕು, ಆಮೇಲೆ ದಾರಿ, ಕೊನೆಗೆ ಕಾರು. ಈ ಕ್ರಮ ತಪ್ಪಿದವರ ರಜೆಯ ಹೊತ್ತೆಲ್ಲ ಚಾರ್ಜರ್ ಹುಡುಕುವುದರಲ್ಲಿ ಕಳೆದುಹೋಗುತ್ತದೆ.

ರಾತ್ರಿಯ ಪ್ಲಗ್ ಇಷ್ಟು ಮುಖ್ಯವಾಗುವುದಕ್ಕೆ ಕಾರಣ ಸರಳವಾಗಿದೆ. ಗೀಸರ್‌ಗೆ ಬಳಸುವಂಥ ಸಾಧಾರಣ 15 ಆಂಪಿಯರ್ ಸಾಕೆಟ್ ಗಂಟೆಗೆ ಹೆಚ್ಚುಕಡಿಮೆ 3 ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್-ಅವರ್, kWh) ವಿದ್ಯುತ್ತನ್ನು ಕಾರಿಗೆ ಕೊಡುತ್ತದೆ. ರಾತ್ರಿ ಒಂಬತ್ತಕ್ಕೆ ಸಿಕ್ಕಿಸಿ ಬೆಳಿಗ್ಗೆ ಏಳಕ್ಕೆ ತೆಗೆದರೆ 40 ಯೂನಿಟ್ ಬ್ಯಾಟರಿಯ ಮುಕ್ಕಾಲು ಭಾಗದಷ್ಟು ತುಂಬಿರುತ್ತದೆ, ನೀವು ನಿದ್ದೆ ಮಾಡಿದ ಹೊತ್ತಿನಲ್ಲೇ. ಗೋಡೆಗೆ ಕೂರಿಸಿದ 7.2 ಕಿಲೋವಾಟ್ ಚಾರ್ಜರ್ ಇದ್ದರಂತೂ ಆರು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಆದ್ದರಿಂದ ಹೋಂಸ್ಟೇ ಅಥವಾ ಹೋಟೆಲ್‌ಗೆ ಕರೆ ಮಾಡಿದಾಗ ‘ಚಾರ್ಜಿಂಗ್ ಇದೆಯೇ’ ಎಂದಷ್ಟೇ ಕೇಳಿದರೆ ಸಾಲದು. ಕಾರು ನಿಲ್ಲಿಸುವ ಜಾಗದಿಂದ ಸಾಕೆಟ್ ಎಷ್ಟು ದೂರವಿದೆ, ಅದು 15 ಆಂಪಿಯರ್‌ನದೇ, ಅದಕ್ಕೆ ಸರಿಯಾದ ಅರ್ಥಿಂಗ್ ಇದೆಯೇ, ಕರೆಂಟು ಹೋದರೆ ಏನು ವ್ಯವಸ್ಥೆ ಎಂಬ ನಾಲ್ಕನ್ನೂ ಕೇಳಬೇಕು. ಅರ್ಥಿಂಗ್ ಇಲ್ಲದ ಸಾಕೆಟ್‌ಗೆ ಸಿಕ್ಕಿಸಿದರೆ ಕಾರಿನ ಪೋರ್ಟಬಲ್ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಹಳೆಯ ತೋಟದ ಮನೆಗಳಲ್ಲಿ ಈ ತೊಂದರೆ ಸಾಮಾನ್ಯ. ದೂರದ ಸಾಕೆಟ್‌ಗೆ ತೆಳುವಾದ ಎಕ್ಸ್‌ಟೆನ್ಷನ್ ವೈರು ಎಳೆಯುವ ಯೋಚನೆಯನ್ನೇ ಮಾಡಬಾರದು. ಗಂಟೆಗಟ್ಟಲೆ ಅಷ್ಟು ವಿದ್ಯುತ್ ಹರಿದರೆ ಅದು ಕಾದು ಕರಗುತ್ತದೆ, ಬೆಂಕಿಯ ಅಪಾಯವೂ ಉಂಟು. ಸಾಕೆಟ್‌ನ ಒಂದು ಫೋಟೊ ಕಳುಹಿಸುವಂತೆ ವಿನಯದಿಂದ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಬಳಸಿದ ಯೂನಿಟ್‌ಗೆ ತಕ್ಕ ಹಣ ಕೊಡುವುದಾಗಿ ಮೊದಲೇ ಹೇಳುವುದು ಸೌಜನ್ಯವೂ ಹೌದು, ಹೊರಡುವ ಹೊತ್ತಿನ ಇರುಸುಮುರುಸನ್ನು ತಪ್ಪಿಸುವ ದಾರಿಯೂ ಹೌದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕೊಡಗಿನ ಒಳಹಳ್ಳಿಗಳಲ್ಲಿ ಮರ ಬಿದ್ದು ವಿದ್ಯುತ್ ಕಡಿತವಾಗುವುದು ಅಪರೂಪವಲ್ಲ. ಆ ತಿಂಗಳುಗಳಲ್ಲಿ ತೋಟದ ನಡುವಿನ ಮನೆಗಿಂತ ಮಡಿಕೇರಿ ಅಥವಾ ಕುಶಾಲನಗರದ ಪಟ್ಟಣದೊಳಗಿನ ವಸತಿಯನ್ನು ಆರಿಸುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಇನ್ನು ಕಾರಿನ ಆಯ್ಕೆ. ಜಾಹೀರಾತಿನಲ್ಲಿ ಬರುವ ಕಿಲೋಮೀಟರ್ ಲೆಕ್ಕ ಪ್ರಯೋಗಾಲಯದ ಪರೀಕ್ಷೆಯದು. 45 ಯೂನಿಟ್ ಬ್ಯಾಟರಿಯ ಟಾಟಾ ನೆಕ್ಸಾನ್‌ಗೆ ಪ್ರಮಾಣಿತ ಅಂಕಿ 489 ಕಿ.ಮೀ.; ನಿಜವಾದ ರಸ್ತೆಯಲ್ಲಿ ಸಿಗುವುದೆಂದು ಕಂಪನಿಯೇ ಹೇಳುವ ದೂರ ಅದಕ್ಕಿಂತ ನೂರು ಕಿಲೋಮೀಟರ್‌ಗೂ ಹೆಚ್ಚು ಕಡಿಮೆ. ಹಾಗಾಗಿ ಲೆಕ್ಕವನ್ನು ಯೂನಿಟ್‌ನಲ್ಲಿ ಮಾಡಿಕೊಳ್ಳುವುದು ಉತ್ತಮ. ನಾಲ್ಕು ಜನ, ಸಾಮಾನು, ಎ.ಸಿ. ಎಲ್ಲವೂ ಇರುವ ಮಧ್ಯಮ ಗಾತ್ರದ ಕಾರು ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ಒಂದು ಯೂನಿಟ್‌ಗೆ ಆರೂವರೆ ಕಿ.ಮೀ. ಓಡುತ್ತದೆಂದು ಹಿಡಿಯಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯ ಗರಿಷ್ಠ ಮಿತಿಯಾದ 100ರಲ್ಲೇ ನಿರಂತರವಾಗಿ ಓಡಿಸಿದರೆ ಗಾಳಿಯ ತಡೆ ಹೆಚ್ಚಿ ಈ ಅಂಕಿ ಇನ್ನೂ ಇಳಿಯುತ್ತದೆ. ಮೇಲುಕೋಟೆ, ಸೋಮನಾಥಪುರ, ತಲಕಾಡಿನಂಥ ಒಂದೇ ದಿನದ ಸುತ್ತಾಟಕ್ಕೆ 24 ಯೂನಿಟ್‌ನ ಟಿಯಾಗೊದಂಥ ಚಿಕ್ಕ ಕಾರು ಧಾರಾಳವಾಗಿ ಸಾಕು, ದಾರಿಯಲ್ಲಿ ಚಾರ್ಜ್ ಮಾಡುವ ಪ್ರಸಂಗವೇ ಬಾರದು. ಬೆಟ್ಟದ ಪ್ರವಾಸಕ್ಕಾದರೆ 38 ಯೂನಿಟ್‌ಗಿಂತ ಕಡಿಮೆಯ ಬ್ಯಾಟರಿ ಬೇಡ, ಬಾಡಿಗೆ ಎಷ್ಟೇ ಅಗ್ಗವಾಗಿದ್ದರೂ.

ಏಕೆಂದರೆ ಬೆಟ್ಟದ ದಾರಿಯಲ್ಲಿ ದೂರದ ಜತೆಗೆ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜನರೂ ಸಾಮಾನೂ ಸೇರಿ ಎರಡು ಟನ್ ತೂಗುವ ಕಾರನ್ನು ಒಂದು ಸಾವಿರ ಮೀಟರ್ ಮೇಲಕ್ಕೆತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ ಸುಮಾರು ಐದೂವರೆ ಯೂನಿಟ್ ಬೇಕು. ಮೋಟಾರಿನ ನಷ್ಟವನ್ನೂ ಸೇರಿಸಿ ಆರು ಯೂನಿಟ್ ಎಂದಿಟ್ಟುಕೊಳ್ಳಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಮಡಿಕೇರಿ ಸುಮಾರು 1,150 ಮೀಟರ್, ಊಟಿ 2,240 ಮೀಟರ್ ಎತ್ತರದಲ್ಲಿವೆ. ಮಡಿಕೇರಿಯ 120 ಕಿ.ಮೀ. ದಾರಿಗೆ ಹದಿನೆಂಟೂವರೆ ಯೂನಿಟ್, ಏರಿಗೆ ಎರಡೂವರೆ, ಒಟ್ಟು 21. ಅಂದರೆ 40 ಯೂನಿಟ್‌ನ ಕಾರು ಅರ್ಧದಷ್ಟು ಚಾರ್ಜ್ ಉಳಿಸಿಕೊಂಡೇ ತಲುಪುತ್ತದೆ. ಗೂಡಲೂರಿನ ಮೇಲೆ ಊಟಿಗೆ ಸುಮಾರು 155 ಕಿ.ಮೀ.; ದೂರಕ್ಕೆ 24, ಏರಿಗೆ 9, ಒಟ್ಟು 33 ಯೂನಿಟ್. ಕಾಗದದ ಮೇಲೆ ಸಾಧ್ಯವೆನಿಸಿದರೂ ಮಳೆ, ವಾಹನ ದಟ್ಟಣೆ, ಅಡ್ಡದಾರಿ ಯಾವುದಕ್ಕೂ ಉಳಿತಾಯವಿಲ್ಲದ ಪ್ರಯಾಣ ಅದು. ಆದಕಾರಣ ಮೊದಲ ಸಲ ಎಲೆಕ್ಟ್ರಿಕ್ ಕಾರಿನಲ್ಲಿ ಹೊರಡುವವರಿಗೆ ಮಡಿಕೇರಿಯನ್ನೇ ನಾನು ಸೂಚಿಸುತ್ತೇನೆ.

ಊಟಿಗೇ ಹೋಗುವುದಾದರೆ ನಂಜನಗೂಡು ಅಥವಾ ಗುಂಡ್ಲುಪೇಟೆಯಲ್ಲಿ ಬ್ಯಾಟರಿಯನ್ನು ಮತ್ತೆ ತುಂಬಿಸಿಕೊಂಡು ಮುಂದುವರಿಯಬೇಕು. ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ, ಮುದುಮಲೈ ಕಾಡುಗಳು ಮುಗಿಯುವವರೆಗೆ ಚಾರ್ಜರನ್ನು ನೆಚ್ಚಿಕೊಳ್ಳುವಂತಿಲ್ಲ, ಕಾಡಿನೊಳಗೆ ರಸ್ತೆಬದಿಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದು ಎಲ್ಲರಿಗೂ ಗೊತ್ತು. ಆದರೆ ಹಿಂದಿರುಗುವಾಗ ಗೂಡಲೂರಿನಲ್ಲೋ ಊಟಿಯಲ್ಲೋ ಚಾರ್ಜರ್ ಮುಂದೆ ಒಂದು ಗಂಟೆ ಸರದಿ ಕಾಯಬೇಕಾಗಿ ಬಂದರೆ ಆ ಗೇಟು ಮುಚ್ಚುವ ಹೊತ್ತಿಗೆ ತಲುಪಲಾರೆವು ಎಂಬುದು ಹೊರಡುವಾಗ ಹೊಳೆಯುವುದಿಲ್ಲ. ಊಟಿಯಿಂದ ಮಧ್ಯಾಹ್ನ ಮೂರರೊಳಗೆ ಹೊರಟರೆ ಈ ಆತಂಕವಿಲ್ಲ. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗಲು ಇ-ಪಾಸ್ ಬೇಕಾಗಿದ್ದು, ಅರ್ಜಿಯಲ್ಲಿ ವಾಹನದ ನೋಂದಣಿ ಸಂಖ್ಯೆ ತುಂಬಬೇಕು. ಬಾಡಿಗೆಯವರು ಕಾರಿನ ಸಂಖ್ಯೆಯನ್ನು ಕೊನೆಯ ಗಳಿಗೆಯಲ್ಲಿ ಹೇಳುವ ರೂಢಿಯಿರುವುದರಿಂದ ಅದನ್ನು ಮುಂಚಿತವಾಗಿ ಕೇಳಿ ಪಡೆದುಕೊಳ್ಳಿ.

ಏರುವಾಗ ಖರ್ಚಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯುವಾಗ ಮರಳಿ ಬರುತ್ತದೆ ಎಂಬುದು ಈ ಕಾರಿನ ದೊಡ್ಡ ಗುಣ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮೋಟಾರೇ ಜನರೇಟರ್ ಆಗಿ ಕಾರನ್ನು ತಡೆದು ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಬಳಸುವವರು ಇದನ್ನು ರೀಜೆನ್ ಎನ್ನುತ್ತಾರೆ. ಘಟ್ಟ ಇಳಿಯುವಾಗ ಅದನ್ನು ಗರಿಷ್ಠ ಮಟ್ಟಕ್ಕಿಟ್ಟರೆ ಬ್ರೇಕು ಕಾಯುವುದೂ ಕಡಿಮೆಯಾಗುತ್ತದೆ. ಆದರೆ ತುಂಬಿದ ಬ್ಯಾಟರಿಗೆ ಮತ್ತೆ ತುಂಬಲು ಜಾಗವಿಲ್ಲವಾದ್ದರಿಂದ ನೂರಕ್ಕೆ ನೂರು ಚಾರ್ಜ್ ಇದ್ದಾಗ ರೀಜೆನ್ ಕೆಲಸ ಮಾಡುವುದಿಲ್ಲ, ಇಳಿಜಾರಿನ ಭಾರವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಊಟಿಯಲ್ಲಿ ರಾತ್ರಿ ಚಾರ್ಜ್‌ಗೆ ಹಾಕಿದರೂ 85ರ ಆಸುಪಾಸಿನಲ್ಲಿ ನಿಲ್ಲಿಸುವುದು ಸುರಕ್ಷಿತ.

ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಚಾಮುಂಡಿ ಬೆಟ್ಟದಲ್ಲಿ ಪರೀಕ್ಷಿಸಿ ತಿಳಿಯುವುದು ಮೇಲು. ಕಾರು ಕೈಗೆ ಬಂದ ಸಂಜೆಯೇ ಪ್ರಯಾಣಿಕರೆಲ್ಲರನ್ನೂ ಕೂರಿಸಿಕೊಂಡು ಬೆಟ್ಟ ಹತ್ತಿ, ಬುಡದಲ್ಲಿ ಎಷ್ಟು ಶೇಕಡಾ ಇತ್ತು, ಮೇಲೆ ಎಷ್ಟಾಯಿತು, ಇಳಿದ ಮೇಲೆ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ನಗರದಿಂದ ಬೆಟ್ಟದ ಮೇಲಕ್ಕೆ ಸುಮಾರು 300 ಮೀಟರ್ ಏರು. 40 ಯೂನಿಟ್ ಬ್ಯಾಟರಿಯಲ್ಲಿ ಆ ಏರಿಗೆ ಶೇ. 4ರಿಂದ 5, ಜತೆಗೆ ಕ್ರಮಿಸಿದ ದೂರಕ್ಕೆ ತಕ್ಕಷ್ಟು ಇಳಿಯಬೇಕು. ಅದಕ್ಕಿಂತ ಬಹಳ ಹೆಚ್ಚು ಇಳಿದರೆ ಬ್ಯಾಟರಿ ಸವೆದಿದೆ ಅಥವಾ ಟೈರಿನ ಗಾಳಿ ಕಡಿಮೆಯಿದೆ ಎಂದು ಅನುಮಾನಿಸಿ, ಊರಿನಲ್ಲಿರುವಾಗಲೇ ಕಾರು ಬದಲಿಸಿಕೊಡುವಂತೆ ಕೇಳಬಹುದು. ವಾರಾಂತ್ಯದ ಸಂಜೆ ಬೆಟ್ಟದ ರಸ್ತೆಯಲ್ಲಿ ಜನಸಂದಣಿ ಇರುವುದರಿಂದ ವಾರದ ನಡುವಿನ ದಿನವೇ ಈ ಪರೀಕ್ಷೆಗೆ ಒಳ್ಳೆಯದು.

ಕಾಗದಪತ್ರಗಳಲ್ಲಿ ಮೊದಲು ನೋಡಬೇಕಾದದ್ದು ನಂಬರ್ ಪ್ಲೇಟ್. ಎಲೆಕ್ಟ್ರಿಕ್ ವಾಹನಗಳ ಫಲಕ ಹಸಿರು. ಅದರ ಮೇಲಿನ ಅಕ್ಷರ ಹಳದಿಯಾಗಿದ್ದರೆ ಬಾಡಿಗೆಗೆ ಓಡಿಸಲು ನೋಂದಣಿಯಾದ ವಾಹನ, ಬಿಳಿಯಾಗಿದ್ದರೆ ಖಾಸಗಿ ವಾಹನ. ಪರಿಚಯದವರ ಮೂಲಕ ಕಡಿಮೆ ದರಕ್ಕೆ ಸಿಗುವ ಬಿಳಿ ಅಕ್ಷರದ ಕಾರನ್ನು ಬಾಡಿಗೆಗೆ ಪಡೆದು ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಲು ಅದೊಂದೇ ಕಾರಣ ಸಾಕಾಗಬಹುದು. ತಮಿಳುನಾಡು, ಕೇರಳಗಳಿಗೆ ಹೋಗಲು ಅನುಮತಿ ಇದೆಯೇ, ಗಡಿಯ ತೆರಿಗೆ ಏನಾದರೂ ಇದ್ದರೆ ಯಾರು ಕಟ್ಟಬೇಕು ಎಂಬುದನ್ನು ವಾಟ್ಸಾಪ್‌ನಲ್ಲಾದರೂ ಬರಹದಲ್ಲೇ ಪಡೆಯಿರಿ.

ಬ್ಯಾಟರಿ ಇರುವುದು ಕಾರಿನ ತಳದಲ್ಲಿ, ಕಾರಿನ ಬೆಲೆಯ ದೊಡ್ಡ ಪಾಲು ಅದರದೇ. ತಳಭಾಗಕ್ಕೆ ಕಲ್ಲು ತಾಗಿ ಆದ ಹಾನಿ ವಿಮೆಯೊಳಗೆ ಬರುತ್ತದೆಯೇ, ಬಾರದಿದ್ದರೆ ನಿಮ್ಮ ಹೊಣೆ ಎಷ್ಟು ರೂಪಾಯಿಗೆ ಸೀಮಿತ ಎಂಬ ಪ್ರಶ್ನೆಯನ್ನು ನಾಚಿಕೆಪಡದೆ ಕೇಳಿ. ಒಪ್ಪಂದದ ಉಳಿದ ಸಾಲುಗಳನ್ನು ಬೇಗ ಓದಿದರೂ ನಡೆದೀತು, ಈ ಸಾಲನ್ನು ಮಾತ್ರ ಎರಡು ಸಲ ಓದಿ. ಕಾರು ಪಡೆಯುವಾಗ ಮೊಬೈಲನ್ನು ಕೆಳಗೆ ಹಿಡಿದು ತಳದ ವಿಡಿಯೊ ತೆಗೆಯಿರಿ. ಕಾಫಿ ತೋಟದ ಕಚ್ಚಾ ರಸ್ತೆಯ ಕೊನೆಯಲ್ಲಿ ವಸತಿಯಿದ್ದರೆ ಆ ರಸ್ತೆಯ ಸ್ಥಿತಿಯನ್ನೂ ಮೊದಲೇ ವಿಚಾರಿಸಿ. ಪೋರ್ಟಬಲ್ ಚಾರ್ಜರ್ ಡಿಕ್ಕಿಯಲ್ಲಿದೆಯೇ ಎಂದು ನೋಡುವುದಷ್ಟೇ ಅಲ್ಲ, ಅಲ್ಲೇ ಒಂದು ಸಾಕೆಟ್‌ಗೆ ಸಿಕ್ಕಿಸಿ ಚಾರ್ಜ್ ಆಗುವುದನ್ನು ಕಣ್ಣಾರೆ ಕಂಡು ಹೊರಡಿ. ಸ್ಟೆಪ್ನಿ ಇದೆಯೋ, ಬರೀ ಪಂಕ್ಚರ್ ಕಿಟ್ ಇದೆಯೋ ಎಂಬುದೂ ತಿಳಿದಿರಲಿ.

ದಾರಿಯ ಚಾರ್ಜಿಂಗ್‌ಗೆ ಕನಿಷ್ಠ ಮೂರು ಕಂಪನಿಗಳ ಆ್ಯಪ್‌ಗಳನ್ನು ಮೈಸೂರಿನಲ್ಲೇ ಇಳಿಸಿಕೊಂಡು, ನೋಂದಾಯಿಸಿ, ವಾಲೆಟ್‌ಗೆ ಹಣ ಹಾಕಿಡಿ; ನೆಟ್‌ವರ್ಕ್ ಸಿಗದ ಘಟ್ಟದಲ್ಲಿ ಒಟಿಪಿಗಾಗಿ ಕಾಯುವುದು ಬೇಸರದ ಕೆಲಸ. ಈಗಿನ ಕಾರುಗಳ ವೇಗದ ಚಾರ್ಜಿಂಗ್ ಸಿಸಿಎಸ್-2 (CCS2) ಎಂಬ ಮಾದರಿಯ ಗನ್‌ನಿಂದ, ಅಂದರೆ ಕಾರಿಗೆ ಸಿಕ್ಕಿಸುವ ಪ್ಲಗ್‌ನಿಂದ ಆಗುತ್ತದೆ, ಆ್ಯಪ್‌ನಲ್ಲಿ ಅದನ್ನೇ ಆರಿಸಿ. ಪ್ರತಿ ನಿಲುಗಡೆಗೂ ಎರಡನೆಯ ಚಾರ್ಜರ್ ಒಂದನ್ನು ಗುರುತಿಸಿಡಿ, ಮೊದಲನೆಯದು ಕೆಟ್ಟಿದ್ದರೂ ಎರಡನೆಯದನ್ನು ತಲುಪುವಷ್ಟು ಚಾರ್ಜ್ ಇರುವಾಗಲೇ ನಿಲ್ಲಿಸಿ, ಶೇ. 20ಕ್ಕಿಂತ ಕೆಳಗೆ ಇಳಿಸದಿರುವುದು ಒಳ್ಳೆಯ ನಿಯಮ. ಶೇ. 80 ದಾಟಿದ ಮೇಲೆ ಬ್ಯಾಟರಿಯ ರಕ್ಷಣೆಗಾಗಿ ಚಾರ್ಜಿಂಗ್ ನಿಧಾನವಾಗುತ್ತದೆ, ಆದ್ದರಿಂದ ಅಲ್ಲಿಗೆ ಮುಗಿಸಿ ಹಿಂದಿನವರಿಗೆ ಜಾಗ ಬಿಡಬೇಕು. ಮಂಡ್ಯ, ಮದ್ದೂರು, ಚನ್ನಪಟ್ಟಣದ ಕಡೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ: ಹೊಸ ಹೆದ್ದಾರಿಯಿಂದ ಇಳಿಯುವ ದಾರಿಗಳು ಕೆಲವೇ ಇರುವುದರಿಂದ, ಚಾರ್ಜರ್ ನಿಮ್ಮ ದಿಕ್ಕಿನ ಸರ್ವೀಸ್ ರಸ್ತೆಯಲ್ಲಿದೆಯೋ ಎದುರಿನದರಲ್ಲಿದೆಯೋ ಎಂದು ನಕ್ಷೆಯನ್ನು ಹಿಗ್ಗಿಸಿ ನೋಡಿಕೊಳ್ಳಿ.

ಮರಳಿಸುವಾಗ ಎಷ್ಟು ಶೇಕಡಾ ಚಾರ್ಜ್ ಇರಬೇಕು, ಕಡಿಮೆಯಾದರೆ ಯೂನಿಟ್‌ಗೆ ಎಷ್ಟು ಹಿಡಿಯುತ್ತಾರೆ ಎಂಬುದು ಒಪ್ಪಂದದಲ್ಲಿರಲಿ. ಕಾರು ಒಪ್ಪಿಸುವಾಗ ಚಾರ್ಜ್‌ನ ಶೇಕಡಾ, ಓಡಿದ ಕಿಲೋಮೀಟರ್, ತಳಭಾಗ, ಚಾರ್ಜರ್ ಇವೆಲ್ಲ ಕಾಣುವ ವಿಡಿಯೊವನ್ನು ಮತ್ತೊಮ್ಮೆ ತೆಗೆಯಿರಿ. ಹೆದ್ದಾರಿಯ ಕ್ಯಾಮೆರಾ ಹಿಡಿದ ವೇಗದ ದಂಡ ಕೆಲವು ದಿನಗಳ ನಂತರ ಮಾಲೀಕರಿಗೆ ಬರುವುದರಿಂದ ಅವರು ಠೇವಣಿಯನ್ನು ಸ್ವಲ್ಪ ಕಾಲ ಇಟ್ಟುಕೊಳ್ಳುವುದು ಸಹಜ. ಎಷ್ಟು ದಿನ, ಯಾವ ಖಾತೆಗೆ ಮರಳಿಸುತ್ತಾರೆ ಎಂಬುದನ್ನು ಕೀಲಿ ಕೊಡುವ ಮುನ್ನ ಬರೆಸಿಕೊಳ್ಳಿ.