ರಸ್ತೆ ರಾಜ್ಯ ಹೆದ್ದಾರಿಯೇ, ಈಗ ಯಾರದು: ತಿಳಿಯುವ ಬಗೆ

ಮಾಗಡಿ ರಸ್ತೆ ರಾಜ್ಯ ಹೆದ್ದಾರಿ 85, ಬನ್ನೇರುಘಟ್ಟದ ಮೇಲೆ ಆನೇಕಲ್ಲಿಗೆ ಹೋಗುವುದು 87, ಯಲಹಂಕ–ದೊಡ್ಡಬಳ್ಳಾಪುರದ್ದು 9. ಇಂಥ ರಸ್ತೆಬದಿಯಲ್ಲಿ ಸೈಟು ಕೊಳ್ಳುವವರಿಗೂ ಗುಂಡಿ ಮುಚ್ಚಿಸಲು ಅರ್ಜಿ ಹಿಡಿದು ಅಲೆಯುವವರಿಗೂ ಮೊದಲು ಬೇಕಾದದ್ದು ಹೆದ್ದಾರಿಯ ಹೆಸರಲ್ಲ, ತಮ್ಮ ಎದುರಿನ ತುಂಡು ಯಾರ ಸುಪರ್ದಿಯಲ್ಲಿದೆ ಎಂಬುದು.

ಕಿಲೋಮೀಟರ್ ಕಲ್ಲಿನಿಂದ ಶುರು ಮಾಡಿ. ತಲೆ ಹಸಿರಿದ್ದರೆ ರಾಜ್ಯ ಹೆದ್ದಾರಿ, ಹಳದಿಯಾದರೆ ರಾಷ್ಟ್ರೀಯ. ಕಲ್ಲಿನ ಮೇಲಿನ ಸಂಖ್ಯೆಯನ್ನೂ ಕಿ.ಮೀ. ಅನ್ನೂ ಬರೆದುಕೊಳ್ಳಿ, ಫೋಟೋ ತೆಗೆದುಕೊಳ್ಳಿ. ಆದರೆ ಬಣ್ಣವನ್ನೇ ನಂಬಿ ಕೂರಬೇಡಿ. ದರ್ಜೆ ಬದಲಾದರೂ ಕಲ್ಲು ಹಳೆಯದೇ ಉಳಿದಿರಬಹುದು. ಮೈಸೂರು ರಸ್ತೆ ರಾಜ್ಯ ಹೆದ್ದಾರಿ 17 ಆಗಿದ್ದದ್ದು ಈಗ ರಾಷ್ಟ್ರೀಯ ಹೆದ್ದಾರಿ 275. ಕನಕಪುರ ರಸ್ತೆಯ ಹಳೆಯ ರಾಷ್ಟ್ರೀಯ ಹೆದ್ದಾರಿ 209 ಈಗ 948. ಹಳೆಯ ಪತ್ರಗಳಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ, ಗಾಬರಿ ಬೇಡ.

ಹೆಚ್ಚು ಜನ ಎಡವುವುದು ‘ಮೇಲ್ದರ್ಜೆಗೆ ಏರಿದೆ’ ಎಂಬ ಸುದ್ದಿಯಲ್ಲಿ. ತಾತ್ವಿಕ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ರಸ್ತೆ ರಾಷ್ಟ್ರೀಯ ಹೆದ್ದಾರಿ ಆಗುವುದಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಕೇಂದ್ರ ರಾಜಪತ್ರದಲ್ಲಿ ಅಧಿಸೂಚನೆ ಬರಬೇಕು. ಜಮೀನು ಹೋಗುತ್ತದೆಯೇ ಎಂಬುದಕ್ಕೆ ಅದೇ ಕಾಯ್ದೆಯ 3ಎ (ಸ್ವಾಧೀನದ ಉದ್ದೇಶ ತಿಳಿಸುವುದು), 3ಡಿ (ಸ್ವಾಧೀನ ಘೋಷಿಸುವುದು) ಅಧಿಸೂಚನೆಗಳಲ್ಲಿ ಸರ್ವೆ ನಂಬರ್ ಹುಡುಕಿ. 3ಎ ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. 3ಡಿ ಪ್ರಕಟವಾಯಿತೆಂದರೆ ಜಮೀನು ಕೇಂದ್ರದ್ದು. ಬ್ರೋಕರ್ ತೋರಿಸುವ ಬಣ್ಣದ ನಕ್ಷೆಗೆ ಇಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಲಿಖಿತ ಉತ್ತರ ಬೇಕಿದ್ದರೆ ಲೋಕೋಪಯೋಗಿ ಇಲಾಖೆಯ ಆ ತಾಲ್ಲೂಕಿನ ಉಪವಿಭಾಗಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು. ಹೀಗೆ ಕೇಳಿ: “ರಾಜ್ಯ ಹೆದ್ದಾರಿ ಸಂಖ್ಯೆ ಇಷ್ಟು, ಕಿ.ಮೀ. ಇಷ್ಟರಿಂದ ಇಷ್ಟರವರೆಗಿನ ಭಾಗದ ಈಗಿನ ದರ್ಜೆ, ನಿರ್ವಹಣೆ ಮಾಡುವ ಕಚೇರಿ, ಹಸ್ತಾಂತರವಾಗಿದ್ದರೆ ಆದೇಶದ ಪ್ರತಿ.” ಕಿ.ಮೀ. ಬರೆಯದೆ ‘ನಮ್ಮ ಬಡಾವಣೆ ಮುಂದಿನ ರಸ್ತೆ’ ಎಂದರೆ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತದೆ. ಕಚೇರಿ ತಪ್ಪಿದ್ದರೆ ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸುವುದು ಅವರ ಹೊಣೆ. ಉತ್ತರಕ್ಕೆ 30 ದಿನ. ಒಂದೇ ಹೆದ್ದಾರಿಯಾದರೂ ನಗರದೊಳಗಿನ ತುಂಡು ಪಾಲಿಕೆಯ ಕೈಯಲ್ಲಿ, ಮುಂದಿನದು ಇಲಾಖೆಯದು, ಟೋಲ್ ಇರುವ ಕಡೆ ಗುತ್ತಿಗೆದಾರನದು ಆಗಿರಬಹುದು. ಆದ್ದರಿಂದಲೇ ‘ಹಸ್ತಾಂತರ’ ಎಂಬ ಪದ ಬಿಡಬೇಡಿ.

ಕಟ್ಟಡಕ್ಕೆ ಎಷ್ಟು ಜಾಗ ಬಿಡಬೇಕು? ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಪ್ರಕಾರ, ಊರ ಹೊರಗಿನ ಬಯಲು ಪ್ರದೇಶದ ಹೆದ್ದಾರಿಗೆ ಕಟ್ಟಡ ರೇಖೆ (ಇದನ್ನು ದಾಟಿ ರಸ್ತೆಯತ್ತ ಕಟ್ಟುವಂತಿಲ್ಲ) ರಸ್ತೆಯ ನಡುಗೆರೆಯಿಂದ 40 ಮೀಟರ್. ಟಾರಿನ ಅಂಚಿನಿಂದ ಟೇಪ್ ಹಿಡಿಯಬೇಡಿ. ಒಂದೇ ಬದಿಗೆ ಅಗಲಿಸಿದ ಕಡೆ ಕಣ್ಣಿಗೆ ಕಾಣುವ ನಡು ಬೇರೆ, ದಾಖಲೆಯ ನಡು ಬೇರೆ. ಉಪವಿಭಾಗದ ಎಂಜಿನಿಯರ್ ಗುರುತು ಹಾಕಿಕೊಟ್ಟ ಮೇಲೆಯೇ ಪಾಯ ತೋಡಿ.