ಅರ್ಲಿ ಡಿಸಿಷನ್: ನವೆಂಬರ್ 1ರಿಂದ ಹಿಂದಕ್ಕೆ ಎಣಿಸಿದ್ದು ಹೀಗೆ

ನನ್ನ ಮಗಳು ಮೈಸೂರಿನಲ್ಲಿ ಪಿಯುಸಿ ಓದಿದಳು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಓಹಿಯೋದಲ್ಲಿರುವ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿಗೆ ಸೇರಿದಳು. ಅರ್ಜಿ ಹಾಕಿದ್ದು ಅರ್ಲಿ ಡಿಸಿಷನ್‌ನಲ್ಲಿ. ಪ್ರಬಂಧ, ಪರೀಕ್ಷೆ ಎಲ್ಲ ಅವಳ ಕೆಲಸ. ಯಾವುದು ಯಾವಾಗ ಆಗಬೇಕು ಅನ್ನೋ ಲೆಕ್ಕ ನನ್ನದು. ಸ್ಟೇಟ್ ಬೋರ್ಡ್‌ನಿಂದ ಈ ದಾರಿಯಲ್ಲಿ ಹೋಗುವ ಮಕ್ಕಳು ಕಡಿಮೆ. ಸಲಹೆಗಳೆಲ್ಲ ದೊಡ್ಡ ಇಂಟರ್‌ನ್ಯಾಷನಲ್ ಸ್ಕೂಲುಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರುತ್ತವೆ. ಪಿಯು ಕಾಲೇಜಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಅರ್ಲಿ ಡಿಸಿಷನ್ ಅಂದರೆ ಒಂದೇ ಒಂದು ಕಾಲೇಜಿಗೆ ಮಾತು ಕೊಟ್ಟು ಅರ್ಜಿ ಹಾಕುವುದು. ಸೀಟು ಸಿಕ್ಕರೆ ಸೇರಲೇಬೇಕು, ಬೇರೆ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು. ಒಪ್ಪಂದಕ್ಕೆ ವಿದ್ಯಾರ್ಥಿ, ಪೋಷಕರು, ಈಗ ಓದುತ್ತಿರುವ ಶಾಲೆ ಅಥವಾ ಪಿಯು ಕಾಲೇಜಿನ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಕೊನೆ ದಿನ ಹೆಚ್ಚಿನ ಕಡೆ ನವೆಂಬರ್ 1, ಕೆಲವು ಕಡೆ ನವೆಂಬರ್ 15. ಫಲಿತಾಂಶ ಡಿಸೆಂಬರ್ ಮಧ್ಯದಲ್ಲಿ ಬರುತ್ತದೆ. ಅರ್ಲಿ ಆಕ್ಷನ್ ಅನ್ನೋದು ಬೇರೆ. ಅದರಲ್ಲಿ ಬೇಗ ಉತ್ತರ ಸಿಗುತ್ತದೆ, ಕಟ್ಟುಪಾಡು ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದು ಮೂರನೇ ಬಗೆ. ಅಲ್ಲಿ ಸಿಕ್ಕರೂ ಸೇರಲೇಬೇಕು ಅಂತ ಇಲ್ಲ. ಆದರೆ ಅಲ್ಲಿಗೆ ಬೇಗ ಅರ್ಜಿ ಹಾಕಿದವರು ಇನ್ನೊಂದು ಕಡೆ ಅರ್ಲಿ ಡಿಸಿಷನ್ ಹಾಕುವ ಹಾಗಿಲ್ಲ.

ನವೆಂಬರ್ 1 ನಮಗೆ ರಾಜ್ಯೋತ್ಸವ. 2024ರಲ್ಲಿ ದೀಪಾವಳಿಯೂ ಅದರ ಅಕ್ಕಪಕ್ಕವೇ ಬಂತು. ಅಕ್ಟೋಬರ್ 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯಮಿ, 3 ಭಾನುವಾರ. ಅಷ್ಟು ದಿನ ಪಿಯು ಕಾಲೇಜಿನ ಆಫೀಸಿಗೆ ಬೀಗ. ಅದಕ್ಕೂ ಮುಂಚೆ ದಸರಾ ರಜೆ. ಮೈಸೂರಿನಲ್ಲಿ ದಸರಾ ಅಂದರೆ ಕೇಳಬೇಕಾ! ಇನ್ನೊಂದು ವಿಷಯ. ಕಾಮನ್ ಆ್ಯಪ್‌ನಲ್ಲಿ (ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟು) ಕೊನೆ ಗಡುವು ಸಾಮಾನ್ಯವಾಗಿ ಅರ್ಜಿ ಹಾಕುವವರ ಊರಿನ ಸಮಯಕ್ಕೆ ರಾತ್ರಿ 11:59. ನಮ್ಮ ಮಧ್ಯರಾತ್ರಿಗೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಇನ್ನೂ ಮಧ್ಯಾಹ್ನ. ಅಲ್ಲಿ ದಿನ ಮುಗಿದಿಲ್ಲ ಅಂತ ಕಾಯೋಕೆ ಆಗುವುದಿಲ್ಲ. ಇದನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಮೇಲೆ, ನಮ್ಮ ಪಾಲಿನ ಕೊನೆ ದಿನ ಸೆಪ್ಟೆಂಬರ್ 30 ಅಂತ ಜೂನ್‌ನಲ್ಲೇ ತೀರ್ಮಾನಿಸಿದೆವು. ಅಕ್ಟೋಬರ್ ಪೂರ್ತಿ ತಿದ್ದುವುದಕ್ಕೆ ಮತ್ತು ಕಾಲೇಜಿನಿಂದ ಹಣದ ನೆರವು ಕೇಳುವ ಫಾರ್ಮುಗಳಿಗೆ.

ನಾನು ಕೆಲಸಗಳನ್ನು ಕಷ್ಟ ಸುಲಭ ಅಂತ ವಿಂಗಡಿಸಲಿಲ್ಲ. ಯಾವ ಕೆಲಸ ಯಾರ ಕೈಯಲ್ಲಿದೆ ಅಂತ ನೋಡಿದೆ. ಪ್ರಬಂಧವನ್ನು ಮಗಳು ರಾತ್ರಿ ಕೂತು ಬರೆದುಬಿಡಬಹುದು. ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಸಹಿ ರಾತ್ರಿ ಸಿಗುವುದಿಲ್ಲ. ಹಾಗಾಗಿ ಬೇರೆಯವರ ಕೈಯಲ್ಲಿರುವುದೆಲ್ಲ ಮೊದಲು, ನಮ್ಮ ಕೈಯಲ್ಲಿರುವುದು ಆಮೇಲೆ.

ಪಿಯುಸಿ ಮಕ್ಕಳಿಗೆ ನಿಜವಾದ ತೊಡಕು ಇಲ್ಲೇ ಇರುವುದು. ಅಮೆರಿಕದ ಕಾಲೇಜುಗಳು 9ರಿಂದ 12ನೇ ತರಗತಿವರೆಗಿನ ಅಂಕಗಳನ್ನು ಒಟ್ಟಾಗಿ ನೋಡುತ್ತವೆ. ಅಲ್ಲಿ ಆ ನಾಲ್ಕೂ ವರ್ಷ ಸಾಮಾನ್ಯವಾಗಿ ಒಂದೇ ಹೈಸ್ಕೂಲು. ನಮ್ಮಲ್ಲಿ 9, 10 ಒಂದು ಕಡೆ, ಫಸ್ಟ್ ಪಿಯು, ಸೆಕೆಂಡ್ ಪಿಯು ಇನ್ನೊಂದು ಕಡೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಮನೆಯಲ್ಲೇ ಇರುತ್ತದೆ. 9ನೇ ತರಗತಿಯದನ್ನು ಯಾರು ಜೋಪಾನ ಮಾಡಿರುತ್ತಾರೆ? ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಹಳೇ ಹೈಸ್ಕೂಲಿಗೆ ಹೋಗಿ, ಸೀಲು ಸಹಿ ಇರುವ ಪ್ರತಿ ತೆಗೆದುಕೊಂಡೆ. ಅಲ್ಲಿನ ಹೆಡ್‌ಮಿಸ್ಟ್ರೆಸ್ ಮೇಡಂ ಮುಂದಿನ ವರ್ಷ ನಿವೃತ್ತಿ ಆಗುವವರಿದ್ದರು. ಮಗಳ ಬಗ್ಗೆ ಪ್ರೀತಿಯಿಂದ ಮಾತಾಡಿ, ಅವತ್ತೇ ಕೆಲಸ ಮುಗಿಸಿಕೊಟ್ಟರು.

ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಅಂತ ಯಾರೂ ಇರಲಿಲ್ಲ. ಆ ಜಾಗದಲ್ಲಿ ಪ್ರಿನ್ಸಿಪಾಲರೇ ಇರಬಹುದು. ನಮ್ಮ ಪ್ರಿನ್ಸಿಪಾಲರಿಗೆ ಕಾಮನ್ ಆ್ಯಪ್ ಹೊಸದು. ಅವರು ಏನೇನು ಮಾಡಬೇಕು ಅಂತ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟೆ. ಯಾವ ಇ-ಮೇಲ್ ಬರುತ್ತದೆ, ಯಾವ ಮಾರ್ಕ್ಸ್ ಕಾರ್ಡ್ ವೆಬ್‌ಸೈಟಿಗೆ ಏರಿಸಬೇಕು, ಅರ್ಲಿ ಡಿಸಿಷನ್ ಒಪ್ಪಂದಕ್ಕೆ ಅವರ ಸಹಿ ಯಾಕೆ ಬೇಕು ಎಲ್ಲ ಅದರಲ್ಲಿತ್ತು. ಸಹಿ ಹಾಕುವ ಮುಂಚೆ ಅವರು ಒಂದು ಪ್ರಶ್ನೆ ಕೇಳಿದರು: "ಅಲ್ಲಮ್ಮ, ಆಮೇಲೆ ನಿಮ್ಮ ಮಗಳು ಬೇಡ ಅಂದರೆ ನಮ್ಮ ಕಾಲೇಜಿನ ಹೆಸರು ಏನಾಗಬೇಕು?" ಸರಿಯಾದ ಪ್ರಶ್ನೆ. ಮಾತು ಮುರಿದರೆ ಮುಂದೆ ಅದೇ ಕಾಲೇಜಿನಿಂದ ಅರ್ಜಿ ಹಾಕುವ ಮಕ್ಕಳ ಮೇಲಿನ ನಂಬಿಕೆಗೂ ಪೆಟ್ಟು ಬೀಳಬಹುದು. ಇದನ್ನು ಮಗಳ ಎದುರಿಗೇ ಮಾತಾಡಿದ್ದು ಒಳ್ಳೆಯದಾಯಿತು.

ಶಿಫಾರಸು ಪತ್ರದ ವಿಷಯವೂ ಹೀಗೇ. "ನೀನೇ ಬರೆದು ತಾ, ಸೈನ್ ಹಾಕಿಕೊಡ್ತೀನಿ" ಅನ್ನೋದು ನಮ್ಮಲ್ಲಿ ಮಾಮೂಲು. ಹಾಗೆ ಮಾಡಬೇಡಿ. ಪತ್ರ ಲೆಕ್ಚರರದೇ ಆಗಿರಬೇಕು, ಅವರೇ ಏರಿಸಬೇಕು. ಮಗಳು ಕೆಮಿಸ್ಟ್ರಿ ಮೇಡಂ ಹತ್ತಿರ ಜೂನ್‌ನಲ್ಲೇ ಕೇಳಿದಳು. ಲ್ಯಾಬಿನಲ್ಲಿ ಏನು ಮಾಡಿದಳು, ಯಾವ ಪಾಠ ಕಷ್ಟವಾಗಿತ್ತು, ಆಮೇಲೆ ಹೇಗೆ ಕಲಿತಳು ಅನ್ನುವುದನ್ನು ನೆನಪಿಸುವ ಒಂದು ಚಿಕ್ಕ ಚೀಟಿ ಕೊಟ್ಟಳು. ಬರೆದಿದ್ದು ಮೇಡಂ. ಅವರಿಗೆ ಮೌಲ್ಯಮಾಪನ, ಟೆಸ್ಟು, ಮನೆ ಎಲ್ಲ ಇರುತ್ತದೆ. ಆಗಸ್ಟ್ ಪೂರ್ತಿ ಸಮಯ ಇದ್ದಿದ್ದರಿಂದ ನಿಧಾನವಾಗಿ ಬರೆಯಲು ಆಯಿತು.

ಹೆಸರಿನ ಬಗ್ಗೆಯೂ ಮೊದಲೇ ಗಮನ ಕೊಡಿ. ನಮ್ಮ ಮಕ್ಕಳ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡಿರುತ್ತದೆ. ಸ್ಯಾಟ್ (ಅಮೆರಿಕದ ಕಾಲೇಜುಗಳ ಪ್ರವೇಶಕ್ಕೆ ಬರೆಯುವ ಪರೀಕ್ಷೆ), ಕಾಮನ್ ಆ್ಯಪ್, ಹಣದ ಫಾರ್ಮು ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರೇ ಇರಲಿ. ಅದಕ್ಕಾಗಿ ಪಾಸ್‌ಪೋರ್ಟ್ ಎಲ್ಲಕ್ಕಿಂತ ಮೊದಲು ಕೈಗೆ ಬರಬೇಕು.

ಸ್ಯಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರಲ್ಲಿ ಆಗಸ್ಟ್ 24 ಮತ್ತು ಅಕ್ಟೋಬರ್ 5ರಂದು ಪರೀಕ್ಷೆ ಇತ್ತು. ಆಗಸ್ಟ್ ನಮ್ಮ ಮುಖ್ಯ ದಿನ. ಅಕ್ಟೋಬರ್ ಬೇಕಾದರೆ ಮಾತ್ರ, ಯಾಕೆಂದರೆ ಅದು ದಸರಾ ಮಧ್ಯೆ ಬರುತ್ತಿತ್ತು. ಅಂಕ ಸುಮಾರು ಎರಡು ವಾರದಲ್ಲಿ ಬರುವುದರಿಂದ ಅಕ್ಟೋಬರ್ ಪರೀಕ್ಷೆಯೂ ನವೆಂಬರ್ 1ಕ್ಕೆ ಸಾಲುತ್ತದೆ.

ಈಗ ಹಣ. ಎಲ್ಲಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾಗಿರುವುದು ಇದನ್ನೇ. ಖಾಸಗಿ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷದ ಖರ್ಚು ಈಗ ಎಷ್ಟೋ ಕಡೆ 80,000 ಡಾಲರ್ ದಾಟಿದೆ. ಅರ್ಲಿ ಡಿಸಿಷನ್ ಹಾಕಿದವರಿಗೆ ಬೇರೆ ಬೇರೆ ಕಾಲೇಜುಗಳ ನೆರವನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಇಲ್ಲ. ನೆರವು ಸಾಲದಿದ್ದರೆ ಒಪ್ಪಂದದಿಂದ ಬಿಡಿಸಿ ಅಂತ ಕೇಳಬಹುದು, ನಿಜ. ಅದನ್ನೇ ನೆಚ್ಚಿಕೊಂಡು ಸಹಿ ಹಾಕುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಹೆಚ್ಚಿನ ಕಾಲೇಜುಗಳು ನೆರವು ಕೇಳಿದ್ದಾರಾ ಅಂತ ನೋಡಿಯೇ ಸೀಟಿನ ತೀರ್ಮಾನ ಮಾಡುತ್ತವೆ. ಎಂಐಟಿ, ಹಾರ್ವರ್ಡ್, ಆ್ಯಮ್‌ಹರ್ಸ್ಟ್‌ನಂಥ ಕೆಲವು ಮಾತ್ರ ಹಾಗೆ ನೋಡುವುದಿಲ್ಲ. ಹಾಗಂತ ಮೊದಲು ನೆರವು ಬೇಡ ಅಂದು, ಸೇರಿದ ಮೇಲೆ ಕೇಳೋಣ ಅಂದುಕೊಳ್ಳಬೇಡಿ. ಹಲವು ಕಾಲೇಜುಗಳಲ್ಲಿ ಆಮೇಲೆ ಕೇಳುವ ದಾರಿಯೇ ಇರುವುದಿಲ್ಲ. ನಾವು ಜುಲೈನಲ್ಲೇ ಮೂರು ಕಾಲೇಜುಗಳ ಫೈನಾನ್ಷಿಯಲ್ ಏಡ್ ಆಫೀಸಿಗೆ ಇ-ಮೇಲ್ ಬರೆದೆವು. ಸೀಟು ಕೊಟ್ಟ ವಿದೇಶಿ ವಿದ್ಯಾರ್ಥಿಗೆ ಅಗತ್ಯ ಇರುವಷ್ಟು ನೆರವು ಪೂರ್ತಿ ಕೊಡುತ್ತೀರಾ, ಅದರಲ್ಲಿ ಸಾಲದ ಪಾಲು ಎಷ್ಟು ಅಂತ ನೇರವಾಗಿ ಕೇಳಿದೆವು. ಸ್ಪಷ್ಟವಾಗಿ ಉತ್ತರ ಕೊಟ್ಟ ಕಾಲೇಜು ನಮ್ಮ ಪಟ್ಟಿಯಲ್ಲಿ ಮೇಲೆ ಬಂತು.

ಸಿಎಸ್‌ಎಸ್ ಪ್ರೊಫೈಲ್ ಅನ್ನೋ ಹಣದ ಫಾರ್ಮು ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಪ್ರತಿಯೊಂದಕ್ಕೂ 16 ಡಾಲರ್ ಶುಲ್ಕ. ಅಮೆರಿಕದವರ ಲೆಕ್ಕ ಜನವರಿಯಿಂದ ಡಿಸೆಂಬರ್. ನಮ್ಮ ಫಾರ್ಮ್ 16, ಐಟಿ ರಿಟರ್ನ್ ಎಲ್ಲ ಏಪ್ರಿಲ್‌ನಿಂದ ಮಾರ್ಚ್. ಅದನ್ನು ವಿವರಿಸಿ ಒಂದು ಟಿಪ್ಪಣಿ ಸೇರಿಸಿದೆವು. ನಮ್ಮನೆಯವರು, ನಾನು, ಮಗಳು ಮೂವರೂ ಸೆಪ್ಟೆಂಬರ್‌ನಲ್ಲಿ ಕೂತು, ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಕೊಡಲು ಆಗುವುದಿಲ್ಲ ಅಂತ ಒಂದು ಮೊತ್ತ ಬರೆದಿಟ್ಟೆವು. ಅವಳು ಕೇಳಿದಳು, "ಅಮ್ಮಾ, ಇಲ್ಲಿ ಸಿಕ್ಕರೆ ಇನ್ನು ಯಾವುದನ್ನೂ ನೋಡೋಕಾಗಲ್ಲ ಅಲ್ವಾ?" ಆಗಲ್ಲ ಅಂದೆ. ಒಂದು ವಾರ ಯೋಚಿಸಿ ಹೂಂ ಅಂದಳು. ಆ ಒಂದು ವಾರ ಅಕ್ಟೋಬರ್ ಕೊನೆಯಲ್ಲಿ ಸಿಗುತ್ತಿರಲಿಲ್ಲ.

ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಗುವ ಪ್ರಮಾಣ ಹೆಚ್ಚು ಅಂತ ಎಲ್ಲರೂ ಹೇಳುತ್ತಾರೆ. ಅಂಕಿಗಳಲ್ಲಿ ಹಾಗೇ ಕಾಣುತ್ತದೆ. ಆದರೆ ಆ ಗುಂಪಿನಲ್ಲಿ ಕಾಲೇಜು ಮೊದಲೇ ಆರಿಸಿಕೊಂಡ ಕ್ರೀಡಾಪಟುಗಳಿರುತ್ತಾರೆ, ಹಳೇ ವಿದ್ಯಾರ್ಥಿಗಳ ಮಕ್ಕಳಿರುತ್ತಾರೆ. ಮೈಸೂರಿನ ಹುಡುಗಿಗೆ ಅಷ್ಟೇ ಲಾಭ ಸಿಗುತ್ತದೆ ಅಂದುಕೊಳ್ಳಬಾರದು. ಆ ಕಾಲೇಜೇ ಬೇಕು ಅಂತ ಅನಿಸದಿದ್ದರೆ ಬರೀ ಪ್ರಮಾಣ ನೋಡಿ ಹಾಕಬೇಡಿ. ನವೆಂಬರ್ ಹೊತ್ತಿಗೆ ಮನಸ್ಸು ಗಟ್ಟಿಯಾಗದಿದ್ದರೆ ಎಷ್ಟೋ ಕಾಲೇಜುಗಳಲ್ಲಿ ಅರ್ಲಿ ಡಿಸಿಷನ್ 2 ಇದೆ. ಅದರ ಗಡುವು ಜನವರಿ ಆರಂಭದಲ್ಲಿ, ಉತ್ತರ ಫೆಬ್ರವರಿಯಲ್ಲಿ. ಸುಮ್ನೆ ಅವಸರ ಮಾಡುವುದಕ್ಕಿಂತ ಅದು ಒಳ್ಳೆಯದು.

ನವೆಂಬರ್‌ನಲ್ಲಿ ಮಗಳಿಗೆ ರಜೆ ಕೊಡಲಿಲ್ಲ. ಅರ್ಲಿ ಉತ್ತರ ಡಿಸೆಂಬರ್ ಮಧ್ಯದಲ್ಲಿ, ಉಳಿದ ಕಾಲೇಜುಗಳ ಗಡುವು ಜನವರಿ 1ರ ಆಸುಪಾಸು. ಮಧ್ಯೆ ಸಿಗುವುದು ಎರಡು ವಾರ. ಜನವರಿಯಲ್ಲಿ ಪ್ರಿಪರೇಟರಿ, ಮಾರ್ಚ್ 1ರಿಂದ ಸೆಕೆಂಡ್ ಪಿಯು ಪರೀಕ್ಷೆ. ಬೇಡ ಅನ್ನೋ ಉತ್ತರ ಬಂದರೆ ಅವಳು ಬೇಜಾರಿನಲ್ಲಿ ಕೂತು ಹೊಸ ಪ್ರಬಂಧ ಬರೆಯುವ ಹಾಗಾಗಬಾರದು ಅಂತ, ಉಳಿದ ಅರ್ಜಿಗಳನ್ನೂ ಡಿಸೆಂಬರ್ ಮೊದಲ ವಾರದಲ್ಲಿ ಸಿದ್ಧ ಮಾಡಿಸಿದೆ. ಕಳಿಸಲಿಲ್ಲ, ಪ್ರತಿಯೊಂದಕ್ಕೂ ಶುಲ್ಕ ಇದೆ. ಉತ್ತರ ಬೆಳಗಿನ ಜಾವ ಐದೂವರೆಗೆ ಬಂತು, ಅಲ್ಲಿ ಸಂಜೆ ಏಳು. ಸೀಟು ಸಿಕ್ಕಿತು, ನೆರವು ನಾವು ಬರೆದಿಟ್ಟ ಮೊತ್ತದೊಳಗೆ ಇತ್ತು. ಅರ್ಲಿ ಆಕ್ಷನ್‌ನಲ್ಲಿ ಹಾಕಿದ್ದ ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅದೇ ವಾರ ಬರೆದು ಅರ್ಜಿ ವಾಪಸ್ ತೆಗೆದುಕೊಂಡಳು.

ಸೀಟು ಸಿಕ್ಕಿದರೂ ಕೊನೆ ವರ್ಷದ ಅಂಕ ತೀರಾ ಇಳಿಯುವ ಹಾಗಿಲ್ಲ. ಕಾಲೇಜು ಅದನ್ನು ನೋಡುತ್ತದೆ. ಫೈನಲ್ ಮಾರ್ಕ್ಸ್ ಕಾರ್ಡನ್ನು ಕಳಿಸಬೇಕಾದವರೂ ಪಿಯು ಕಾಲೇಜಿನವರೇ. ಫಲಿತಾಂಶ ಏಪ್ರಿಲ್‌ನಲ್ಲಿ ಬರುವಾಗ ಕಾಲೇಜಿಗೆ ಬೇಸಿಗೆ ರಜೆ. ಅದಕ್ಕೇ ಸ್ವೀಟ್ ಬಾಕ್ಸ್ ಹಿಡಿದು ಪ್ರಿನ್ಸಿಪಾಲರ ಹತ್ತಿರ ಹೋದ ದಿನವೇ, ಏಪ್ರಿಲ್‌ನಲ್ಲಿ ಆಫೀಸಿನಲ್ಲಿ ಯಾರಿರುತ್ತಾರೆ, ಅವರ ನಂಬರ್ ಏನು ಅಂತ ಕೇಳಿ ಬರೆದುಕೊಂಡು ಬಂದೆ.